ಮೊದಲು ಒತ್ತಿದವರ ಪಾಲು

ನಮ್ಮ ಅಂಗಡಿಯಲ್ಲಿ ಪಾಲಾಗದೆ ಉಳಿದದ್ದು ಒಂದೇ, ಈಮೇಲ್ ವಿಳಾಸ.

ಮಿಕ್ಕಿದ್ದೆಲ್ಲ ಪಾಲಾಗಿತ್ತು. ಅಮ್ಮನಿಗೂ ದೊಡ್ಡಮ್ಮನಿಗೂ ಮಾತು ಬಿಟ್ಟುಹೋದ ಮೇಲೆ ತಾತನ ಅಂಗಡಿಯ ನಟ್ಟನಡುವೆ ಪ್ಲೈವುಡ್ ಗೋಡೆ ಎದ್ದಿತು. ಮೇಜು, ಕಪಾಟು, ಏಣಿ, ಕಡೆಗೆ ಕಸದ ಬುಟ್ಟಿಯ ತನಕ ಹಂಚಿಕೊಂಡರು. ಹಿತ್ತಾಳೆಯ ಅಕ್ಷರದ ಅಚ್ಚುಗಳನ್ನು ಸ್ವರ ನಿನಗೆ, ವ್ಯಂಜನ ನನಗೆ ಎಂದು ಹಂಚಲೂ ಹೊರಟಿದ್ದರು. ಪುಣ್ಯಕ್ಕೆ ಅಟ್ಟದ ಮೇಲೆ ಇನ್ನೊಂದು ಪೆಟ್ಟಿಗೆ ಅಚ್ಚು ಸಿಕ್ಕಿತು. ಗೋಡೆ ಎಬ್ಬಿಸಿದ ಬಡಗಿಯ ಅಂದಾಜು ತಪ್ಪಿ ನಮ್ಮ ಫ್ಯಾನಿನ ಸ್ವಿಚ್ಚು ಆ ಕಡೆ ಸೇರಿತು. ಸೆಕೆಯಾದರೆ ನಾನು ಬೀದಿಗಿಳಿದು ಸುತ್ತಿಹೋಗಿ, "ದೊಡ್ಡಮ್ಮಾ, ಫ್ಯಾನು" ಎನ್ನಬೇಕು. ಜಗಳ ಯಾತಕ್ಕಾಯಿತು ಎಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಕಾರಣ ಹೇಳುತ್ತಾರೆ. ಎರಡೂ ಸುಳ್ಳು.

ನಾವು ಬಹುಮಾನದ ಕಪ್ ಮಾಡುವವರು. ಓಟವೋ ಈಜೋ ಚೆಸ್ಸೋ ನಾಯಿಗಳ ಪ್ರದರ್ಶನವೋ, ಯಾರು ಯಾವುದರಲ್ಲಿ ಗೆದ್ದರೂ ಅವರ ಕೈಸೇರುವ ಕಪ್ಪಿನ ಮೇಲೆ ಅಕ್ಷರ ಕೊರೆಯುವುದು ನಮ್ಮ ಕುಲಕಸುಬು. ಈಮೇಲ್ ಎಂಬುದು ಬಂದ ಹೊಸತರಲ್ಲಿ ತಾತನಿಗೆ ಅದರ ಹುಚ್ಚು ಹಿಡಿದು, ಅಂಗಡಿಯಿಂದ ಹೊರಬೀಳುವ ಪ್ರತಿಯೊಂದು ಕಪ್ಪಿನ ತಳದಲ್ಲೂ ಆ ವಿಳಾಸವನ್ನು ಸಣ್ಣಗೆ ಕೊರೆಸತೊಡಗಿದ. ಹಾಗಾಗಿ ಯಾವ ಸಂಘದವರಿಗೆ ಹೊಸ ಕಪ್ ಬೇಕಾದರೂ ಗಾಜಿನ ಕಪಾಟಿನಿಂದ ಹಳೆಯದನ್ನು ತೆಗೆದು ಮಗುಚುತ್ತಾರೆ, ತಳ ಓದುತ್ತಾರೆ, ಮೇಲ್ ಕಳಿಸುತ್ತಾರೆ. ನಾವು ಉತ್ತರ ಬರೆಯುವುದಿಲ್ಲ. ಹೇಳಿದ ದಿನಕ್ಕೆ ಕಪ್ ಹೋಗುತ್ತದೆ, ಅದೇ ಉತ್ತರ. ಅಂಥ ವಿಳಾಸವನ್ನು ಯಾರು ಬಿಟ್ಟುಕೊಡುತ್ತಾರೆ? ಬಿಟ್ಟುಕೊಟ್ಟವರು ಊರಿನ ಕಪಾಟುಗಳನ್ನೆಲ್ಲ ಬಿಟ್ಟುಕೊಟ್ಟ ಹಾಗೆ.

ಪಂಚಾಯಿತಿ ಮಾಡಲು ಅಂಚೆಮಾವ ಬಂದ. ಇಬ್ಬರಿಗೂ ಅಣ್ಣ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದವನು. ಮನೆಯಲ್ಲಿ ಬೇಳೆಯನ್ನೂ ಹಾಗೇ ವಿಂಗಡಿಸುತ್ತಾನೆ ಎಂದು ಅತ್ತೆಯ ದೂರು. ಅವನು ಎರಡೂ ಕಡೆಯ ಕಂಪ್ಯೂಟರ್ ಮುಂದೆ ಒಬ್ಬೊಬ್ಬರನ್ನು ಕೂರಿಸಿ, ಯಾರಿಂದಲೋ ಒಂದು ಮೇಲ್ ಹಾಕಿಸಿದ. ಅಮ್ಮ ಮೇಲ್ ತರಿಸುವ ಗುಂಡಿ ಒತ್ತಿದಳು, ಬಂತು. ಆಮೇಲೆ ದೊಡ್ಡಮ್ಮ ಒತ್ತಿದಳು, ಬರಲಿಲ್ಲ. ಇನ್ನೊಂದು ಹಾಕಿಸಿ ಅದಲುಬದಲು ಮಾಡಿ ನೋಡಿದ. ಮೊದಲು ಒತ್ತಿದವರಿಗೆ ಬಂತು, ಎರಡನೆಯವರಿಗೆ ಇಲ್ಲ.

"ನೋಡಿದ್ರೇನ್ರೇ?" ಎಂದ ಮಾವ. "ಒಂದು ಕಾಗದ ಎರಡು ಮನೆಗೆ ಹೋಗೋ ಪದ್ಧತಿ ಲೋಕದಲ್ಲೇ ಇಲ್ಲ. ನನ್ನ ಸರ್ವೀಸಲ್ಲಿ ನಾನು ಕಂಡಿಲ್ಲ, ಈ ಡಬ್ಬಾನೂ ಕಂಡಿಲ್ಲ. ಯಾರ ಡಬ್ಬಾಕ್ಕೆ ಮೊದಲು ಬರುತ್ತೋ ಕೆಲಸ ಅವರದ್ದು. ಸೋತವರು ಮೂತಿ ಊದಿಸೋ ಹಾಗಿಲ್ಲ."

ಅದೇ ಕಾನೂನಾಯಿತು. ಮೊದಮೊದಲು ಅದರಲ್ಲಿ ಒಂದು ಮಜವೂ ಇತ್ತು. ಬೆಳಗ್ಗೆ ಇಬ್ಬರೂ ಓಡೋಡಿ ಬಂದು ಶಟರ್ ಎತ್ತುತ್ತಿದ್ದರು. ಒಂದು ದಿನ ಅಮ್ಮನಿಗೆ ಸಿಕ್ಕರೆ ಇನ್ನೊಂದು ದಿನ ದೊಡ್ಡಮ್ಮನಿಗೆ. ಸಿಕ್ಕಿದವರು ಆ ಕಡೆಗೆ ಕೇಳಿಸುವ ಹಾಗೆ ಕೆಮ್ಮುತ್ತಿದ್ದರು. ಸಿಗದವರು ಮೂತಿ ಊದಿಸುತ್ತಿದ್ದರು, ಆದರೆ ಕಾನೂನು ಮೀರುತ್ತಿರಲಿಲ್ಲ. ಆ ವಿಷಯದಲ್ಲಿ ಇಬ್ಬರೂ ಒಂದೇ ಕಲ್ಲಿನಲ್ಲಿ ಕಡೆದವರು.

ಆಮೇಲೆ ದೊಡ್ಡಮ್ಮನ ಮಗಳಿಗೆ ಮದುವೆಯಾಗಿ ಕೋಟು ಬಂದ. ನನಗೆ ಅವನು ಭಾವ. ಎದುರಿಗೆ ಭಾವ ಎಂದೇ ಕರೆಯುತ್ತಿದ್ದೆ. ಬೆನ್ನ ಹಿಂದೆ ಕೋಟು, ಯಾಕೆಂದರೆ ಬೆವರು ಕಿತ್ತುಕೊಂಡು ಬರುವ ಬಿಸಿಲಲ್ಲೂ ಅದನ್ನು ಬಿಚ್ಚುತ್ತಿರಲಿಲ್ಲ. ಒಂದು ಅಕ್ಷರ ಕೊರೆಯಲು ಬಾರದಿದ್ದರೂ ತನ್ನನ್ನು ಮ್ಯಾನೇಜರ್ ಎಂದು ಕರೆದುಕೊಂಡ. ಹೊಸ ಕಂಪ್ಯೂಟರ್ ತಂದಿಟ್ಟು, ನಿಮಿಷಕ್ಕೊಮ್ಮೆ ಅದೇ ತಾನಾಗಿ ಮೇಲ್ ತರಿಸಿಕೊಳ್ಳುವ ಹಾಗೆ ಮಾಡಿದ. ಅಮ್ಮ ಒಂದು ಕೈಯಲ್ಲಿ ಕೊರೆಯುತ್ತ ಇನ್ನೊಂದು ಕೈಯಲ್ಲಿ ಗುಂಡಿ ಒತ್ತುತ್ತ ಕೂರುತ್ತಿದ್ದಳು. ಯಂತ್ರದ ಜೊತೆ ಬೆರಳು ಎಷ್ಟೆಂದು ಓಡೀತು? ನಮ್ಮ ಮುದಿ ಕಂಪ್ಯೂಟರಿಗೂ ನಿಮಿಷಕ್ಕೊಮ್ಮೆ ತರಿಸು ಎಂದು ಹೇಳಿ ನೋಡಿದೆ. ಅದು ಪರದೆ ನೀಲಿ ಮಾಡಿಕೊಂಡು ಮಲಗಿಬಿಟ್ಟಿತು. ಅಪ್ಪಿತಪ್ಪಿ ನಮ್ಮ ಪಾಲಿಗೆ ಬೀಳುತ್ತಿದ್ದದ್ದು ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು, ಇಲ್ಲವೇ ಯಾವುದೋ ರಾಜಕುಮಾರ ನಮ್ಮ ಹೆಸರಿಗೆ ಬರೆದ ಆಸ್ತಿ.

ಕೊನೆಗೊಂದು ದಿನ ಕೋಟು ನಮ್ಮ ಬಾಗಿಲಲ್ಲಿ ಬಂದು ನಿಂತ.

"ಚಿಕ್ಕತ್ತೆ, ಯಾಕೆ ಸುಮ್ನೆ ಒದ್ದಾಡ್ತೀರಿ? ಈ ಪ್ಲೈವುಡ್ ಕಿತ್ತಾಕ್ಸಿ ಬಿಡೋಣ. ನಮ್ಮ ಕಡೆ ಪಾಲಿಶ್ ಚಕ್ರದ ಮುಂದೆ ಒಂದು ಸ್ಟೂಲ್ ಖಾಲಿ ಇದೆ. ತಿಂಗಳಾ ತಿಂಗಳಾ ಸಂಬಳ. ಇವನನ್ನೂ ಕರ್ಕೊಂಬನ್ನಿ, ಹೊರೋಕೆ ಇಳಿಸೋಕೆ ಜನ ಬೇಕೇ ಬೇಕು."

ಪಾಲಿಶ್ ಚಕ್ರ ಎಂದರೆ ಬೇರೆಯವರು ಕೊರೆದದ್ದನ್ನು ತಿಕ್ಕಿ ಹೊಳೆಸುವ ಕೆಲಸ. ತಾತನಿಂದ ಅಕ್ಷರ ಕಲಿತ ಕೈಗೆ ತಿಕ್ಕುವ ಕೆಲಸ. ನನ್ನ ರಕ್ತ ನೆತ್ತಿಗೇರಿತು. ಅಮ್ಮ ಮಾತ್ರ ಕೊರೆಯುವ ಸೂಜಿಯ ತುದಿಗೆ ಅಂಟಿದ ಹಿತ್ತಾಳೆಯ ಪುಡಿ ಊದಿ, "ಈಜು ಕ್ಲಬ್ಬಿನ ಆರ್ಡರ್ ಇನ್ನೂ ಬಂದಿಲ್ಲ. ಅದೂ ಆ ಕಡೆಗೇ ಹೋದ್ರೆ ನಾನೂ ಆ ಕಡೆಗೇ ಬರ್ತೀನಿ" ಎಂದಳು.

ಈಜು ಕ್ಲಬ್ಬಿನದು ವರ್ಷಕ್ಕೊಮ್ಮೆ ಬರುವ ದೊಡ್ಡ ಕೆಲಸ. ಆ ವಾರದಲ್ಲೇ ಬರಬೇಕಿತ್ತು.

ಅವನು ಹೋದ ಮೇಲೆ ಅಮ್ಮನ ಮೇಲೆ ಹರಿಹಾಯ್ದೆ. "ಯಾಕಮ್ಮ ಹಾಗಂದೆ? ಅವನ ಚಕ್ರಕ್ಕೆ ಅವನ ಕೋಟನ್ನೇ ಹಾಕಿ ತಿಕ್ಕಬೇಕಿತ್ತು."

"ಬಾಯಿ ಮುಚ್ಚು. ಸೋತಿದ್ದನ್ನ ಸೋತೆ ಅನ್ನೋಕೆ ನನಗೇನು ನಾಚಿಕೆ ಇಲ್ಲ."

"ಸೋತಿದ್ದು ನೀನಲ್ಲ, ಈ ಡಬ್ಬಾ."

"ಹಾಗಾದ್ರೆ ಡಬ್ಬಾನ ರಿಪೇರಿ ಮಾಡಿಸ್ಕೊಂಡು ಬಾ. ಇಲ್ಲಿ ನಿಂತು ಬುಸುಗುಟ್ಟಬೇಡ, ಪುಡಿ ಹಾರುತ್ತೆ."

ಬೀದಿಯ ಕೊನೆಯಲ್ಲಿ ಮೆಟ್ಟಿಲ ಕೆಳಗೆ ಗೂಡಿನಂಥ ಅಂಗಡಿ ಇಟ್ಟುಕೊಂಡು ಕಂಪ್ಯೂಟರ್ ರಿಪೇರಿ ಮಾಡುವವನೊಬ್ಬನಿದ್ದ. ಬಾಯಲ್ಲಿ ಯಾವಾಗಲೂ ಸ್ಕ್ರೂ ಕಚ್ಚಿಕೊಂಡಿರುತ್ತಿದ್ದ, ಎಲ್ಲರೂ ಅವನನ್ನು ಸ್ಕ್ರೂ ಎಂದೇ ಕರೆಯುತ್ತಿದ್ದರು. ನಮ್ಮ ಡಬ್ಬಾವನ್ನು ಹೊತ್ತು ತಂದು ಅವನ ಮುಂದೆ ಕುಕ್ಕಿ, ಇದು ಓಡಬೇಕು, ಆ ಕಡೆಯದಕ್ಕಿಂತ ಮುಂಚೆ ಮೇಲ್ ಹಿಡಿಯಬೇಕು ಎಂದೆ.

"ಹಿಡಿಯೋದು ಏನು, ಮೇಲ್ ಏನು ಕೋಳಿನಾ?" ಎಂದ ಅವನು.

ನಮ್ಮ ಕಾನೂನನ್ನು ವಿವರಿಸಿದೆ. ಕೇಳುತ್ತ ಕೇಳುತ್ತ ಅವನ ಬಾಯಿಂದ ಸ್ಕ್ರೂ ಉದುರಿತು. ಹುಡುಕಿ ಎತ್ತಿಕೊಂಡು, ಒರೆಸಿ, ಮತ್ತೆ ಬಾಯಿಗೆ ಹಾಕಿಕೊಳ್ಳುವ ತನಕ ನಕ್ಕ.

"ಲೋ, ಮೇಲ್ ತಗೊಂಡ ಮೇಲೆ ಮೂಲದಲ್ಲಿ ಅಳಿಸಬೇಕೋ ಬಿಡಬೇಕೋ ಅಂತ ಒಂದು ಚೌಕ ಇರುತ್ತೆ. ಸರ್ವರ್‌ನಲ್ಲಿ, ಅಂದ್ರೆ ಮೇಲ್ ಮೊದಲು ಬಂದು ಬೀಳೋ ಕಡೆ, ಒಂದು ಪ್ರತಿ ಬಿಡು ಅಂತ. ಅದಕ್ಕೆ ಟಿಕ್ ಹಾಕಿದ್ರೆ ಎರಡು ಕಂಪ್ಯೂಟರ್ ಯಾಕೆ, ಬೀದಿಯೋರಿಗೆಲ್ಲ ಬರುತ್ತೆ. ನಿಮ್ಮೋರು ಟಿಕ್ ಹಾಕಿಲ್ಲ, ಅಷ್ಟೆ. ಇದಕ್ಕೆ ಪಂಚಾಯಿತಿ ಬೇರೆ ಮಾಡಿಸಿದ್ರಾ?"

ನನಗೆ ನಗು ಬರಲಿಲ್ಲ. ಅಮ್ಮನ ತೋರುಬೆರಳು ಗುಂಡಿ ಒತ್ತಿ ಒತ್ತಿ ಜಡ್ಡುಗಟ್ಟಿತ್ತು. ಲೋಕದಲ್ಲೇ ಇಲ್ಲದ ಪದ್ಧತಿ ಅಂತೆ. ಸಾಸಿವೆ ಕಾಳಿನಷ್ಟು ದೊಡ್ಡ ಚೌಕವೊಂದು ನಮ್ಮ ಅನ್ನಕ್ಕೆ ಅಡ್ಡ ಬಂದು ಕೂತಿತ್ತು, ಅದಕ್ಕೆ ಲೋಕದ ಹೆಸರು.

"ಟಿಕ್ ಎಲ್ಲಿ ಹಾಕಬೇಕು?"

"ಮೊದಲು ಯಾವುದು ತಗೊಳುತ್ತೋ ಅದರಲ್ಲಿ."

ಅಂದರೆ ಕೋಟಿನ ಕಂಪ್ಯೂಟರಿನಲ್ಲಿ. ಸ್ಕ್ರೂ ನಮ್ಮದರಲ್ಲೇ ಆ ಜಾಗ ತೋರಿಸಿಕೊಟ್ಟ. ಎಲ್ಲಿ ಒತ್ತಿ ಎಲ್ಲಿಗೆ ಹೋಗಬೇಕು ಎಂಬುದನ್ನು ಬಾಯಿಪಾಠ ಮಾಡಿಕೊಂಡು, ಡಬ್ಬಾ ಹೊತ್ತು ವಾಪಸು ಬಂದೆ. ಶಾಲೆಯಲ್ಲಿ ಒಂದು ಮಗ್ಗಿಯನ್ನೂ ನಾನು ಅಷ್ಟು ಭಕ್ತಿಯಿಂದ ಕಲಿತವನಲ್ಲ.

ಆ ಕಡೆ ಹೋಗಲು ದಾರಿಯನ್ನು ಕೋಟೇ ಮಾಡಿಕೊಟ್ಟ. ಮರುದಿನ ಬಂದು, "ಬಾರೋ, ಕಬ್ಬಿಣದ ಬೀರು ಸರಿಸಬೇಕು. ನಿನ್ನ ಕೈಲಾಗೋ ಅಂಥ ಕೆಲಸ" ಎಂದ. ಬೇರೆ ದಿನವಾಗಿದ್ದರೆ ಬೀರುವನ್ನು ಅವನ ಕಾಲ ಮೇಲೆ ಸರಿಸಿರುತ್ತಿದ್ದೆ. ಅವತ್ತು, "ಬಂದೆ ಭಾವ" ಎಂದೆ. ನನ್ನ ವಿನಯ ಕಂಡು ಅಮ್ಮನ ಕೈಯ ಸೂಜಿ ನಿಂತಿತು.

ಬೀರು ಸರಿಸಿದೆ. ಕೋಟು ಫೋನು ಕಿವಿಗಿಟ್ಟುಕೊಂಡು ಬೀದಿಗಿಳಿದ. ದೊಡ್ಡಮ್ಮ ನನಗೆ ಬೆನ್ನು ಹಾಕಿ ಕೊರೆಯುತ್ತಿದ್ದಳು. ಕುರ್ಚಿಯಲ್ಲಿ ಕೂರಲಿಲ್ಲ, ಬಗ್ಗಿ ನಿಂತೇ ಒತ್ತುತ್ತ ಹೋದೆ. ಚೌಕ ಸಿಕ್ಕಿತು, ಖಾಲಿ ಇತ್ತು.

"ಏನೋ ಮಾಡ್ತಿದೀಯ ಅಲ್ಲಿ?" ದೊಡ್ಡಮ್ಮ ತಿರುಗದೆಯೇ ಕೇಳಿದಳು.

"ಧೂಳು ಒರೆಸ್ತಿದೀನಿ ದೊಡ್ಡಮ್ಮ."

"ಹಾಗೇ ಮುಖಾನೂ ಒರೆಸ್ಕೋ. ಬರೋವಾಗ್ಲೇ ಕಳ್ಳನ ಕಳೆ ಇತ್ತು."

ಟಿಕ್ ಹಾಕಿದೆ. ಇನ್ನು ಮೇಲೆ ಕೋಟು ಉಂಡ ಎಲೆಯಲ್ಲೇ ನಮಗೂ ಊಟ. ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಟಿಕ್ ಹಾಕಲಿಲ್ಲ. ನಮಗೇ ಮೊದಲು ಸಿಕ್ಕದ್ದನ್ನು ಅವರಿಗೂ ಉಳಿಸುವಷ್ಟು ಒಳ್ಳೆಯವನು ನಾನಲ್ಲ.

ಈಜು ಕ್ಲಬ್ಬಿನ ಮೇಲ್ ಮಾರನೆಯ ದಿನ ಊಟದ ಹೊತ್ತಿಗೆ ಬಂತು. ಅಮ್ಮ ಅಭ್ಯಾಸಬಲದಿಂದ ಗುಂಡಿ ಒತ್ತಿ, ಕಣ್ಣು ಕಿರಿದು ಮಾಡಿ ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು.

"ಬಂತು ಕಣೋ" ಎಂದಳು, ಮಲಗಿದ ಮಗು ಎದ್ದೀತು ಎಂಬ ಹಾಗೆ. "ಆ ಕಡೆಯೋರ ಕರೆಂಟು ಹೋಗಿರಬೇಕು."

"ಇರಬೇಕು."

ಅವಳು ಎದ್ದು ಸೀರೆ ಕೊಡವಿಕೊಂಡು ಕಪ್ಪುಗಳನ್ನು ಸಾಲಾಗಿ ಇಟ್ಟಳು. ಹತ್ತು ವರ್ಷ ಚಿಕ್ಕವಳಾದ ಹಾಗೆ ಕಂಡಳು. ನಾನು ಮಾತ್ರ ಆಗ ತಾನೇ ಒಂದು ವಿಷಯ ಹೊಳೆದು ತುತ್ತು ನುಂಗಲಾರದೆ ಕೂತಿದ್ದೆ. ಇದೇ ಮೇಲ್ ಆ ಕಡೆಯಲ್ಲೂ ಇದೆ. ಅವರೂ ಇದೇ ಕಪ್ ಕೊರೆಯುತ್ತಾರೆ. ಕನ್ನ ಹಾಕುವವನು ಒಳಗೆ ಹೋಗುವ ದಾರಿಯ ಜೊತೆ ಹೊರಗೆ ಬರುವ ದಾರಿಯನ್ನೂ ನೋಡಿಕೊಳ್ಳಬೇಕು. ನಾನು ಅರ್ಧ ಕನ್ನ ಮಾತ್ರ ಕಲಿತಿದ್ದೆ.

ಅಮ್ಮನಿಗೆ ಹೇಳುವ ಹಾಗಿರಲಿಲ್ಲ. ಹೇಳಿದರೆ, ಅವರಿಗೆ ಮೊದಲು ಬಂದಿದ್ದು, ಅವರದ್ದೇ ಎಂದು ಸೂಜಿ ಕೆಳಗಿಟ್ಟು ನೇರ ಪಾಲಿಶ್ ಚಕ್ರದ ಮುಂದೆ ಹೋಗಿ ಕೂರುತ್ತಿದ್ದಳು. ಬಾಯಿಗೆ ಬೀಗ ಹಾಕಿಕೊಂಡೆ. ಅವರಿಗಿಂತ ಮೊದಲು ಕಪ್ ತಲುಪಿಸಿಬಿಟ್ಟರೆ ಆಯಿತು, ಮುಂದಿನದು ಮುಂದೆ.

ಆದರೆ ಕೊರೆಯುವ ಯಂತ್ರಕ್ಕೆ ಬೀಗ ಹಾಕಲು ಬರುವುದಿಲ್ಲ. ಒಂದು ಕಡೆ ಹಿತ್ತಾಳೆ ಅಚ್ಚಿನ ಗೆರೆಯೊಳಗೆ ಕಡ್ಡಿ ಓಡಿಸಿದರೆ ಇನ್ನೊಂದು ಕಡೆ ಸೂಜಿ ಕಪ್ಪಿನ ಮೇಲೆ ಅದೇ ಅಕ್ಷರವನ್ನು ಕೊರೆಯುತ್ತ ಹೋಗುತ್ತದೆ, ಕೊರೆಯುತ್ತ ಕಿರುಚುತ್ತದೆ. ಒಂದೊಂದು ಅಕ್ಷರಕ್ಕೆ ಒಂದೊಂದು ಕಿರುಚು. ಹುಟ್ಟಿದಾಗಿನಿಂದ ಅದನ್ನೇ ಕೇಳಿದ ಅಕ್ಕತಂಗಿಯರಿಗೆ ಅದು ಮಾತಿದ್ದ ಹಾಗೆ. 'ಪ್ರಥಮ ಬಹುಮಾನ' ಎಂದು ಆ ಕಡೆ ಕೊರೆದಾಗ ಅಮ್ಮ ತಲೆ ಎತ್ತಲಿಲ್ಲ. ಅದು ಎಲ್ಲ ಕಪ್ಪಿಗೂ ಇರುವಂಥದ್ದು. ಅದರ ಮುಂದಿನ ಸಾಲು ಶುರುವಾದಾಗ ಕಿವಿ ನೆಟ್ಟಗಾಯಿತು.

"ಅರವತ್ತು ದಾಟಿದವರ ಈಜು ಅಂತ ಕೊರೀತಿದಾಳೆ."

"ಬೇರೆ ಯಾವುದೋ ಕ್ಲಬ್ ಇರಬೇಕಮ್ಮ."

"ಊರಲ್ಲಿ ಇರೋದು ಒಂದು ಕೊಳ."

"ಹಾಗಾದ್ರೆ ನಿನ್ನ ಕಿವಿ ಸರಿ ಇಲ್ಲ."

"ನನ್ನ ಕಿವಿ ಸರಿ ಇದೆ. ನಿನ್ನ ಮುಖ ಸರಿ ಇಲ್ಲ."

ನಾನು ಕಪ್ ಒರೆಸುವುದರಲ್ಲಿ ಮಗ್ನನಾದೆ. ಅಮ್ಮ ತನ್ನಷ್ಟಕ್ಕೆ ಒಂದು ಅರ್ಥ ಕಟ್ಟಿಕೊಂಡಳು. "ನಾನು ಕೊರಿಯೋದನ್ನ ಕೇಳಿಸ್ಕೊಂಡು ಹಾಗೇ ಕೊರೀತಿದಾಳೆ. ಅಣಕಿಸ್ತಿದಾಳೆ. ಚಿಕ್ಕಂದಿನಿಂದ ಅದೇ ಬುದ್ಧಿ."

ರದ್ದಿ ತಗಡಿನ ಚೂರೊಂದನ್ನು ಯಂತ್ರಕ್ಕೆ ಸಿಕ್ಕಿಸಿ, ಅಚ್ಚು ಜೋಡಿಸಿ, ನಿಧಾನವಾಗಿ, ಒತ್ತಿ ಒತ್ತಿ ಕೊರೆದಳು. ನೋಡಿದೆ. 'ಕತ್ತೆ' ಎಂದಿತ್ತು.

ಆ ಕಡೆಯ ಯಂತ್ರ ನಿಂತಿತು. ಅಚ್ಚಿನ ಪೆಟ್ಟಿಗೆಯಲ್ಲಿ ಕೈಯಾಡಿಸುವ ಸದ್ದು ಬಂತು. ಆಮೇಲೆ ಎರಡೇ ಎರಡು ಅಕ್ಷರದ ಕಿರುಚು.

"ಏನಂದ್ಲು?" ಎಂದೆ.

"ಕೋತಿ" ಎಂದಳು ಅಮ್ಮ, ಮುಖ ಗಂಟಿಕ್ಕಿಕೊಂಡು. ಆದರೆ ಕೈ ಆಗಲೇ ಇನ್ನೊಂದು ತಗಡು ಹುಡುಕುತ್ತಿತ್ತು. ಅವತ್ತು ಮಧ್ಯಾಹ್ನ ಪ್ಲೈವುಡ್ಡಿನ ಆಚೆ ಈಚೆ ಏನೇನು ಬೈಗುಳ ಹಿತ್ತಾಳೆಗೆ ಬಿತ್ತೋ, ಅವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಕೋಟು ನಡುನಡುವೆ, "ಅತ್ತೆ, ಏನು ಇಷ್ಟು ಸದ್ದು, ಯಾವ ಆರ್ಡರ್ ಇದು?" ಎನ್ನುತ್ತಿದ್ದ. "ಅರ್ಜೆಂಟು" ಎನ್ನುತ್ತಿದ್ದಳು ದೊಡ್ಡಮ್ಮ.

ಈ ಗಲಾಟೆಯಲ್ಲಿ ಕೆಲಸ ಹಿಂದೆ ಬಿತ್ತು. ಮೊದಲು ತಲುಪಿಸಬೇಕು ಎಂದುಕೊಂಡಿದ್ದವನು ನಾನು ಸ್ಪರ್ಧೆಯ ದಿನವೇ ಪೆಟ್ಟಿಗೆ ಹೊತ್ತು ಕೊಳದ ಕಡೆ ಓಡಬೇಕಾಯಿತು. ಗೇಟಿನೊಳಗೆ ಕಾಲಿಡುತ್ತಲೇ ಕ್ಲೋರಿನ್ ವಾಸನೆಯ ಜೊತೆಗೆ ಕೋಟು ಎದುರಾದ. ಬಗಲಲ್ಲಿ ಪೆಟ್ಟಿಗೆ. ನನ್ನ ಪೆಟ್ಟಿಗೆ ನೋಡಿದ, ತನ್ನದನ್ನು ನೋಡಿಕೊಂಡ.

"ಏನೋ ಇದು?"

"ಕಪ್ ಭಾವ."

"ಯಾರ ಕಪ್?"

"ಗೆದ್ದೋರದ್ದು."

ಕ್ಲಬ್ಬಿನ ಕಾರ್ಯದರ್ಶಿ ಬರಿ ಮೈಗೆ ಟವೆಲ್ ಸುತ್ತಿಕೊಂಡು, ಕೊರಳಿಗೆ ಪೀಪಿ ಹಾಕಿಕೊಂಡು ಓಡಾಡುತ್ತಿದ್ದ. ಅವನೂ ಸ್ಪರ್ಧಿಯೇ, ಅರವತ್ತು ದಾಟಿ ಎಷ್ಟೋ ಆಗಿತ್ತು. ಎರಡೂ ಪೆಟ್ಟಿಗೆ ಬಿಚ್ಚಿಸಿದ. ಒಂದೇ ಕಪ್, ಒಂದೇ ಸಾಲು. ಮಗುಚಿ ನೋಡಿದ. ತಳದಲ್ಲಿ ಒಂದೇ ವಿಳಾಸ.

"ನಾನು ಒಂದೇ ಸಲ ಅಲ್ವೇನಪ್ಪ ಬರೆದಿದ್ದು?"

"ಹೌದು ಸಾರ್" ಎಂದ ಕೋಟು. "ನಿಮ್ಮ ಮೇಲ್ ನನಗೆ ಬಂದಿದೆ. ಇವನು ಕಳ್ಳ."

"ನಮಗೂ ಬಂದಿದೆ" ಎಂದೆ. "ಬೇಕಾದ್ರೆ ಓದಿ ಹೇಳ್ತೀನಿ. ಕೊನೇಲಿ 'ಹೋದ ಸಲದ ಹಾಗೆ ಹಿಡಿ ಸಡಿಲ ಇರಬಾರದು' ಅಂತ ಬರೆದಿದೀರ."

"ಬರೆದಿದೀನಿ, ಬರೆದಿದೀನಿ" ಎಂದ ಕಾರ್ಯದರ್ಶಿ ಸಂಕೋಚದಿಂದ. ಅಷ್ಟರಲ್ಲಿ ಒದ್ದೆ ತಲೆಯ ಮುದುಕರೆಲ್ಲ ಮೇಜಿನ ಸುತ್ತ ನೆರೆದಿದ್ದರು. ಒಬ್ಬ ಮುದುಕಿ ಆಗಲೇ ಎರಡು ಕಪ್ ಎತ್ತಿಕೊಂಡು, "ಒಂದು ನನಗೆ, ಒಂದು ಸೊಸೆ ಕಣ್ಣಿಗೆ ಬೀಳೋ ಹಾಗೆ ಅಡುಗೆಮನೇಲಿ ಇಡೋಕೆ" ಎಂದಳು. ಇನ್ನೊಬ್ಬ, "ಎರಡು ಮೊದಲನೇ ಬಹುಮಾನ ಇದ್ದ ಮೇಲೆ ಎರಡನೆಯವನು ಯಾಕೆ ಎರಡನೆಯವನಾಗಬೇಕು?" ಎಂದು ಕೇಳಿದ. ವಿಚಾರಿಸಿದರೆ ಪ್ರತಿವರ್ಷ ಎರಡನೆಯವನಾಗುವವನು ಅವನೇ. ಕೋಟು ಕಪ್ಪುಗಳನ್ನು ಕಿತ್ತುಕೊಳ್ಳಲು ಹೋದ. ಒದ್ದೆ ನೆಲ, ನುಣುಪು ಬೂಟು. ಅವನು ಕೋಟಿನ ಸಮೇತ ಕೊಳಕ್ಕೆ ಬಿದ್ದ ಎಂದು ಬರೆಯಲು ನನಗೆ ಬಹಳ ಆಸೆ. ಬೀಳಲಿಲ್ಲ. ಪಾಪಿ, ಕಂಬ ಹಿಡಿದುಕೊಂಡ.

ಅಂಗಡಿಗೆ ಬಂದವನೇ ಕಂಪ್ಯೂಟರ್ ಜಾಲಾಡಿದ. ಟಿಕ್ ಸಿಕ್ಕಿತು. ಸಂಜೆಯ ಹೊತ್ತಿಗೆ ಅಂಚೆಮಾವನನ್ನು ಕರೆಸಿ, ಅಮ್ಮನನ್ನೂ ನನ್ನನ್ನೂ ಆ ಕಡೆಗೆ ಕರೆಸಿದ. ಗೋಡೆ ಎದ್ದ ಮೇಲೆ ಅಮ್ಮ ಆ ಕಡೆ ಕಾಲಿಟ್ಟದ್ದು ಅದೇ ಮೊದಲು. ಯಾರ ಮುಖವನ್ನೂ ನೋಡದೆ ನಿಂತಳು. ಕಣ್ಣು ಮಾತ್ರ ಒಮ್ಮೆ ಪಾಲಿಶ್ ಚಕ್ರದ ಮುಂದಿನ ಸ್ಟೂಲಿನ ಕಡೆ ಹೋಗಿಬಂತು. ಹೊಸ ಸ್ಟೂಲು, ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.

"ಈ ಟಿಕ್ ಯಾರು ಹಾಕಿದ್ದು?" ಎಂದ ಕೋಟು.

"ನಾನೇ" ಎಂದೆ. "ಬೀರು ಸರಿಸೋಕೆ ಕರೆದಿದ್ರಲ್ಲ, ಅವತ್ತು. ನನ್ನ ಕೈಲಾಗೋ ಅಂಥ ಕೆಲಸ."

ಅಮ್ಮ ಕಣ್ಣು ಮುಚ್ಚಿಕೊಂಡಳು. ನಿಧಾನವಾಗಿ ಹೇಳಿದಳು, "ಅಂದ್ರೆ ಈಜಿನ ಮೇಲ್ ಇವರಿಗೆ ಮೊದಲು ಬಂದಿತ್ತು."

"ಬಂದಿತ್ತು" ಎಂದ ಕೋಟು. "ಕಾನೂನು ಕಾನೂನೇ ಚಿಕ್ಕತ್ತೆ. ಈಜಿಂದು ಈ ಕಡೆಗೆ ಬಂದ್ರೆ ನೀವೂ ಈ ಕಡೆಗೆ ಅಂತ ನೀವೇ ಅಂದಿದ್ರಿ. ನಾಳೆ ಬೆಳಗ್ಗೆ ಬಂದುಬಿಡಿ."

ಅಮ್ಮ ತಲೆಯಾಡಿಸಿಯೇ ಬಿಟ್ಟಳು. ಬೈಯಲು ಬಾಯಿ ತೆರೆದೆ, ಅಮ್ಮ ಕೈಯೆತ್ತಿ ತಡೆದಳು.

ಅಂಚೆಮಾವ ಇದ್ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವನು ಮೂಗು ಪರದೆಗೆ ತಾಗಿಸಿಕೊಂಡು ಆ ಚೌಕವನ್ನೇ ನೋಡುತ್ತಿದ್ದ.

"ಇದಕ್ಕೆ ಟಿಕ್ ಹಾಕಿದ್ರೆ ಒಂದೇ ಕಾಗದ ಎರಡು ಮನೆಗೂ ಹೋಗುತ್ತಾ?"

"ಹೋಗುತ್ತೆ ಮಾವ. ಅದನ್ನೇ ಇವನು..."

"ಎರಡು ಕಡೆಗೂ ಪೂರ್ತಿ? ಅರ್ಧರ್ಧ ಅಲ್ಲ?"

"ಪೂರ್ತಿ."

"ಈ ಚೌಕ ಇವನು ಎಲ್ಲಿಂದ ತಂದು ಅಂಟಿಸಿದ?"

ಕೋಟು ನಕ್ಕ. "ತರೋದೇನು ಮಾವ, ಎಲ್ಲ ಕಂಪ್ಯೂಟರಲ್ಲೂ ಮೊದಲಿಂದ ಇರುತ್ತೆ. ಇಷ್ಟೂ ಗೊತ್ತಿಲ್ದೆ ನಾನು ಮ್ಯಾನೇಜರ್ ಆಗ್ತೀನಾ? ಗೊತ್ತಿದ್ದೇ ಖಾಲಿ ಬಿಟ್ಟಿದ್ದು."

ಕೊರೆಯುವ ಯಂತ್ರದ ಸೂಜಿ ಒರೆಸುತ್ತ ಕೂತಿದ್ದ ದೊಡ್ಡಮ್ಮನ ಕೈ ನಿಂತಿತು.

"ಏನಂದಿರಿ?" ಎಂದಳು. ಅಳಿಯನಿಗೆ ಅವಳು ಬಹುವಚನ ಬಿಟ್ಟವಳಲ್ಲ. "ಗೊತ್ತಿತ್ತಾ ನಿಮಗೆ?"

"ಗೊತ್ತಿರದೆ ಏನತ್ತೆ?"

"ಟಿಕ್ ಹಾಕಿದ್ರೆ ಅವಳಿಗೂ ಬರ್ತಿತ್ತು ಅಂತ?"

ಆಗ ಅವನಿಗೆ ಹೊಳೆಯಿತು. ಗೊತ್ತಿತ್ತು ಎಂದರೆ ಮೋಸಗಾರ, ಗೊತ್ತಿರಲಿಲ್ಲ ಎಂದರೆ ಮ್ಯಾನೇಜರ್ ಅಲ್ಲ. ಕೋಟಿನ ಮೇಲಿನ ಗುಂಡಿ ಬಿಚ್ಚಿದ. ಅದನ್ನು ಬಿಚ್ಚಿದ್ದು ನಾನು ಕಂಡದ್ದು ಅವತ್ತೇ.

"ಬಿಸಿನೆಸ್ ಅತ್ತೆ" ಎಂದ.

ದೊಡ್ಡಮ್ಮ ಎದ್ದು ನಿಂತಳು. "ನಾನು ಗೆಲ್ತಿದೀನಿ ಅಂದ್ಕೊಂಡಿದ್ದೆ. ದಿನಾ ಬೆಳಗ್ಗೆ ಬಂದು, ಇವತ್ತೂ ನನಗೇ ಬಂತು, ನನ್ನ ಕೈಗುಣ ಅಂತ ಖುಷಿಪಡ್ತಿದ್ದೆ. ಒಬ್ಬಳೇ ಓಡಿ ಕಪ್ ಎತ್ತಿಕೊಂಡ ಹಾಗಾಯ್ತಲ್ಲ ನನ್ನ ಬಾಳು." ಆಮೇಲೆ ನನ್ನ ಕಡೆ ತಿರುಗಿದಳು. "ಆ ಸ್ಟೂಲ್ ತಗೊಂಡು ಹೋಗಿ ನಿಮ್ಮ ಕಡೆ ಇಟ್ಕೋ. ನಿಮ್ಮಮ್ಮಂದು ಕಾಲು ಕುಂಟು. ಅವಳ ಕಾಲಲ್ಲ, ಸ್ಟೂಲಿಂದು. ಅದರ ಮೇಲೆ ಕೂತು ಕೊರೀತಾಳೆ, ಅದಕ್ಕೇ ಅವಳ ಸಾಲು ಸೊಟ್ಟ."

"ನನ್ನ ಸಾಲು ಯಾವತ್ತೂ ಸೊಟ್ಟ ಇಲ್ಲ ಅಂತ ಹೇಳು ಅವಳಿಗೆ" ಎಂದಳು ಅಮ್ಮ ನನಗೆ.

"ಪಾಲಿಶ್ ಚಕ್ರಕ್ಕೆ ಯಾರು ಅತ್ತೆ ಹಾಗಾದ್ರೆ?" ಎಂದ ಕೋಟು.

"ನೀವು. ಕೋಟು ಬಿಚ್ಚಿಟ್ಟು ಕೂತ್ಕೊಳ್ಳಿ, ಪುಡಿ ಹಾರುತ್ತೆ."

ಅಂಚೆಮಾವ ಕೊನೆಗೂ ಪರದೆಯಿಂದ ಮೂಗು ತೆಗೆದ. ತಾನು ಮಾಡಿದ ಕಾನೂನು ಕುಸಿದ ಶಬ್ದ ಅವನೊಬ್ಬನಿಗೇ ಕೇಳಿಸಿದ ಹಾಗಿತ್ತು. "ಹಾಗಾದ್ರೆ ಇದು ಕಾಗದ ಅಲ್ಲ ಕಣ್ರೇ" ಎಂದ. "ನೋಟೀಸ್ ಬೋರ್ಡು. ನಾನು ಇಷ್ಟು ದಿನ ಬೋರ್ಡಿಗೆ ಮುದ್ರೆ ಒತ್ತುತ್ತಾ ಇದ್ದೆ. ಎರಡು ಕಡೆಗೂ ಟಿಕ್ ಹಾಕ್ರಿ. ಬೋರ್ಡಲ್ಲಿ ಬಿದ್ದಿದ್ದು ಎಲ್ಲರಿಗೂ. ಯಾರು ಮಾಡಬೇಕು ಅನ್ನೋದನ್ನ ನೀವು ನೀವೇ ಮಾತಾಡ್ಕೊಳ್ಳಿ, ನನ್ನನ್ನ ಕರೀಬೇಡಿ." ಟೀ ಕೂಡ ಕುಡಿಯದೆ ಹೊರಟುಹೋದ. ಪಾಪ, ಅವನ ಸರ್ವೀಸಿಗೇ ಕಳಂಕ ಬಂದಂತಾಗಿತ್ತು.

ನಮ್ಮ ಕಂಪ್ಯೂಟರಿಗೂ ಟಿಕ್ ಹಾಕಿದೆ, ಮನಸ್ಸಿಲ್ಲದ ಮನಸ್ಸಿನಿಂದ. ಅಮ್ಮ ತಲೆಯ ಮೇಲೆಯೇ ನಿಂತಿದ್ದಳು.

ಇವತ್ತು ಬೆಳಗ್ಗೆ ಒಂದು ಮೇಲ್ ಬಂದಿದೆ. ಲೆಕ್ಕ ತಪಾಸಣೆ ಇಲಾಖೆಯ ನಿವೃತ್ತ ಸಹಾಯಕ ಅಧೀಕ್ಷಕರ ಕ್ಷೇಮಾಭಿವೃದ್ಧಿ ಸಂಘದ್ದು. ಕಡಲೆಬೀಜದಷ್ಟು ದೊಡ್ಡ ಪದಕಗಳು, ರಾಶಿ ರಾಶಿ, ಪ್ರತಿಯೊಂದರ ಮೇಲೂ ಸಂಘದ ಪೂರ್ತಿ ಹೆಸರು ಬರಬೇಕು. ಓದಿದವಳೇ ಅಮ್ಮ ಗುಂಡಿಯಿಂದ ಬೆರಳು ತೆಗೆದಳು. ಆ ಕಡೆಯಿಂದಲೂ ಕೆಮ್ಮು ಬರಲಿಲ್ಲ.

"ಲೇ, ಇದು ನಿಂದು" ಎಂದಿತು ಪ್ಲೈವುಡ್.

ಅಮ್ಮ ನನ್ನನ್ನು ನೋಡಿದಳು. "ನನಗೆ ಮೇಲ್ ಬಂದೇ ಇಲ್ಲ ಅಂತ ಹೇಳು ಅವಳಿಗೆ."

"ನೀನೇ ಹೇಳಮ್ಮ."

ಅಮ್ಮ ಗೋಡೆಯ ಹತ್ತಿರ ಹೋದಳು. ಗಂಟಲು ಸರಿಮಾಡಿಕೊಂಡಳು. "ನನಗೆ ಬಂದಿಲ್ಲ. ನಿನಗೇ ಮೊದಲು ಬಂದಿದೆ, ನೀನೇ ಮಾಡು."

"ಸುಳ್ಳಿ. ನೀನು ಓದಿ ಉಸಿರು ಬಿಟ್ಟಿದ್ದು ಇಲ್ಲಿಗೆ ಕೇಳಿಸ್ತು."

"ಕೇಳಿಸಿದ್ರೆ ಕಿವಿಗೆ ಹತ್ತಿ ಇಟ್ಕೋ."

"ಅರ್ಧ ನಾನು ಮಾಡ್ತೀನಿ."

"ಯಾವ ಅರ್ಧ?"

"'ಲೆಕ್ಕ ತಪಾಸಣೆ' ತನಕ ನಾನು. ಉಳಿದಿದ್ದು ನಿಂದು."

"ಆಹಾ, ಎಷ್ಟು ಜಾಣೆ" ಎಂದಳು ಅಮ್ಮ, ಮತ್ತು ಅಚ್ಚಿನ ಪೆಟ್ಟಿಗೆಯ ಮುಚ್ಚಳ ತೆಗೆದಳು.